ಅಂತರಗಂಗೆಯ ಬಿಳಿ ಹೂವು

ಬಾಗಲಕೋಟೆಯ ನವನಗರದಲ್ಲಿ ಸಸಿ ಮಾರುವವನೊಬ್ಬನ ಅಂಗಡಿಗೆ ಹೋದಾಗ, ಪ್ಲಾಸ್ಟಿಕ್ ಬೋಗುಣಿಯಲ್ಲಿ ತೇಲುತ್ತಿದ್ದ ಗಿಡವೊಂದನ್ನು ಎತ್ತಿ ಮೂಸಿದೆ. ಅಂತರಗಂಗೆ. ಬೇರುಗಳಿಂದ ನೀರು ಸೋರಿ ಮೊಣಕೈವರೆಗೆ ಇಳಿಯಿತು. ಹಸಿ ಕೆಸರಿನ ವಾಸನೆ, ಅದರ ಹಿಂದೆ ಹಳಸಿದ ಗಂಜಿಯ ವಾಸನೆ. ಕೆಸರಿನದು ಗಿಡದ್ದೇ ಇರಬೇಕು. ಗಂಜಿಯ ವಾಸನೆ ಆ ಅಂಗಡಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದನ್ನು ನಾನೇ ಸೇರಿಸಿದ್ದೆ. ಆದ್ದರಿಂದ ಇಲ್ಲಿಂದ ಮುಂದೆ ನಾನು ಹೇಳುವುದನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಮೂರು ಮಗ್ಗಗಳಿದ್ದವು. ಮೂರರಲ್ಲೂ ಕುಪ್ಪಸದ ಖಣ ನೇಯುತ್ತಿದ್ದರು. ನೂಲಿಗೆ ಹಚ್ಚುವ ಗಂಜಿಯ ವಾಸನೆ ಹಾಸಿಗೆಗೂ ಹತ್ತಿರುತ್ತಿತ್ತು. ಹಿತ್ತಲಲ್ಲಿ ಮೆಟ್ಟಿಲಿನ ಬಾವಿ. ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು, ಎಂದರೆ ಸುತ್ತಿದ ಕಟ್ಟುಗಳನ್ನು, ಹಗ್ಗಕ್ಕೆ ಕಟ್ಟಿ ಆ ಬಾವಿಯಲ್ಲಿ ಇಳಿಬಿಟ್ಟು, ಮಧ್ಯಾಹ್ನದವರೆಗೆ ಹೆಚ್ಚಿನ ಬಣ್ಣ ಬಿಡಿಸುವುದು ನಮ್ಮ ಮನೆಯ ರೂಢಿ. ಈ ಕೆಲಸ ಕಾಕುವಿನದು. ನೀಲವ್ವ ಕಾಕು ನನ್ನ ಚಿಕ್ಕಪ್ಪನ ಹೆಂಡತಿ, ಬನಶಂಕರಿ ಗುಡಿಯ ಪಕ್ಕದ ಚೊಳಚಗುಡ್ಡದವಳು. ತವರಿಗೆ ಹೋದಾಗಲೆಲ್ಲ ತಂಬಿಗೆಯಲ್ಲಿ ಅಲ್ಲಿನ ಹೊಂಡದ ನೀರು ತರುತ್ತಿದ್ದಳು. ನನ್ನ ಜಡೆ ಹೆಣೆಯುವವಳೂ ಅವಳೇ. ಅವ್ವನ ಕೈ ಮಗ್ಗ ಬಿಟ್ಟು ಬರುತ್ತಿರಲಿಲ್ಲ.

ಒಂದು ಮಳೆಗಾಲ ಮುಗಿದ ಮೇಲೆ ಬಾವಿಯಲ್ಲಿ ಅಂತರಗಂಗೆ ಕಾಣಿಸಿತು. ಮೊದಲಿಗೆ ಒಂದೇ ಒಂದು, ಅಂಗೈಯಷ್ಟು. ಎಲೆ ದಪ್ಪ, ಮೈತುಂಬ ಸಣ್ಣ ರೋಮ. ಮೇಲೆ ಬಿದ್ದ ಹನಿ ಒದ್ದೆ ಮಾಡದೆ ಉರುಳಿಹೋಗುತ್ತಿತ್ತು. ಕೈಯಿಂದ ಒತ್ತಿ ಮುಳುಗಿಸಿದರೆ ಬೆಂಡಿನಂತೆ ಪುಟಿದು ಮೇಲೆ ಬಂದು ಒದ್ದೆಯಾಗದ ಮುಖವನ್ನೇ ತೋರಿಸುತ್ತಿತ್ತು. ಸಂಜೆಯಾದರೆ ಎಲೆಗಳು ಮೇಲಕ್ಕೆದ್ದು ಅರ್ಧ ಮುಚ್ಚಿಕೊಳ್ಳುತ್ತಿದ್ದವು. ಪಕ್ಕದಿಂದ ಎಳೆ ಚಾಚಿ, ಎಳೆಯ ತುದಿಗೆ ಮರಿ, ಮರಿಗೆ ಮತ್ತೊಂದು ಎಳೆ. ಗಂಗೆ ತಾನಾಗಿ ಬಂದಳೆಂದು ಆಯಿ, ಅಂದರೆ ನನ್ನ ಅಜ್ಜಿ, ಮೆಟ್ಟಿಲ ಮೇಲೆ ಅರಿಷಿಣ ಕುಂಕುಮ ಇಟ್ಟಳು. ಕಾಕು ಒಬ್ಬಳೇ ಬಾಯಿಬಿಟ್ಟು ಹೇಳಿದವಳು: "ಅತ್ತಿ, ಇದು ಕಸಾ ಐತ್ರಿ. ನಮ್ಮೂರ ಹೊಂಡದಾಗಿಂದು ಕಿತ್ತು ಕಿತ್ತು ಒಗೀತಾರ."

"ನಿಮ್ಮೂರಾಗ ದೇವರ್ನೂ ಒಗೀತಾರೇನ ಮತ್ತ?" ಎಂದಳು ಆಯಿ. ಮಗ್ಗದ ಮೇಲಿದ್ದವರೆಲ್ಲ ನಕ್ಕರು. ಕಾಕುವೂ ನಕ್ಕಳು.

ದಸರೆಯ ಹೊತ್ತಿಗೆ ನೀರೇ ಕಾಣದಂತಾಯಿತು. ಕೀಳಲು ಯಾರಿಗೂ ಧೈರ್ಯವಿಲ್ಲ, ರೂಢಿ ಬಿಡಲು ಮನಸ್ಸಿಲ್ಲ. ಒಂದು ಮದುವೆ ಮನೆಯವರ ಖಣಗಳಿಗಾಗಿ ಕೆಂಪು ಹಾಕಿದ್ದ ರೇಷ್ಮೆಯನ್ನು ಎಂದಿನಂತೆ ಇಳಿಬಿಟ್ಟರು. ಮಧ್ಯಾಹ್ನ ಎತ್ತಿದರೆ ಲಡಿಗಳ ತುಂಬ ಕೂದಲಿನಂಥ ಬೇರು ಹೆಣೆದುಕೊಂಡಿತ್ತು. ಬೇರು ಬಿಡಿಸಿದರೆ ರೇಷ್ಮೆ ಹರಿಯುತ್ತಿತ್ತು. ಬಿಡಿಸಿದಲ್ಲೆಲ್ಲ ಬಣ್ಣ ಮಚ್ಚೆಮಚ್ಚೆ. ಅಂದೇ ಗಂಗೆ ಕಸವಾದಳು. ಕಸವೆಂದ ಮೇಲೆ ಅದನ್ನು ತಂದವರು ಒಬ್ಬರು ಇರಲೇಬೇಕಲ್ಲ. ಅದರ ಗುಣ ಮೊದಲೇ ಗೊತ್ತಿದ್ದವಳು ಮನೆಯಲ್ಲಿ ಒಬ್ಬಳೇ.

ಆಯಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲದ ಚೂರು ಕೊಟ್ಟಳು. "ನೀ ಯಾವಾಗ್ಲೂ ಬಾವಿ ಕಡೇನ ಇರ್ತಿ. ಖರೆ ಹೇಳು, ಯಾರು ಬಿಟ್ರ ಇದನ್ನ?"

"ಕಾಕು ಬಿಟ್ಳು" ಎಂದೆ. "ಕಡೀ ಮೆಟ್ಟಲಾಗ ಕುಂತಿದ್ಳು. ಬಿಳೀ ಹೂವು ಇತ್ತು ಅದಕ್ಕ."

ಕಾಕು ಬಾಗಿಲಲ್ಲೇ ನಿಂತಿದ್ದಳು. "ನಾನೇನ, ಶಾಂತಿ?" ಎಂದಳು ನನ್ನ ಹೆಸರು ಹಿಡಿದು, ಅಷ್ಟೇ. ಎಂಟು ವರ್ಷದ ಹುಡುಗಿ ಹೂವಿನ ಬಣ್ಣವನ್ನೂ ಹೇಳಿದ ಮೇಲೆ ಯಾರು ಅನುಮಾನಪಡುತ್ತಾರೆ? ದೀಪಾವಳಿಗೆ ಚಿಕ್ಕಪ್ಪ ಅವಳನ್ನು ತವರಿಗೆ ಬಿಟ್ಟು ಬಂದ. ಕರೆತರಲು ಯಾರೂ ಹೋಗಲಿಲ್ಲ. ಹೆಣೆಯುವವರಿಲ್ಲವೆಂದು ನನ್ನ ಜಡೆ ಕತ್ತರಿಸಿದರು. ಕೆಲವು ವರ್ಷಗಳಲ್ಲಿ ಆಯಿ ತೀರಿಕೊಂಡಳು, ಮನೆ ಪಾಲಾಯಿತು, ಬಾವಿಗೆ ಕೆಡವಿದ ಗೋಡೆಯ ಕಲ್ಲುಮಣ್ಣನ್ನೇ ತುಂಬಿ ಅದರ ಮೇಲೆ ಗೋದಾಮು ಕಟ್ಟಿದರು. ಇಷ್ಟು ವರ್ಷ ನನಗೆ ಸಂಶಯವಿರಲಿಲ್ಲ. ಕಡೆಯ ಮೆಟ್ಟಿಲು, ಕಾಕುವಿನ ಕೈ, ಬಿಳಿ ಹೂವು: ಪಟದಷ್ಟು ಸ್ಪಷ್ಟ.

"ಇದು ಹೂವು ಬಿಟ್ಟಾಗ ಒಂದು ಕೊಡ್ರಿ" ಎಂದೆ ನವನಗರದ ಆ ಸಸಿಯವನಿಗೆ.

ಅವನು ನಕ್ಕ. "ಈಗೂ ಬಿಟ್ಟೈತಲ್ರಿ ಅಕ್ಕಾರ. ಕಾಣಂಗಿಲ್ಲ, ಅಷ್ಟ." ಎಲೆಗಳನ್ನು ಅಗಲಿಸಿ ಬುಡ ತೋರಿಸಿದ. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು, ತಿಳಿ ಹಸಿರು, ರೋಮದ ಮರೆಯಲ್ಲಿ ಅಡಗಿತ್ತು. ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದಾಗ ಕಂಡಿತು. ಬಾವಿಯ ದಂಡೆಯಿಂದ ಅದನ್ನು ಯಾವ ಮಗುವೂ ನೋಡಿರಲು ಸಾಧ್ಯವಿಲ್ಲ.

ಮರುದಿನ ಚೊಳಚಗುಡ್ಡಕ್ಕೆ ಹೋದೆ. ಗುಡಿಗೆ ಬಂದವರಿಗೆ ಬುಟ್ಟಿಯಲ್ಲಿ ರೊಟ್ಟಿ ಮೊಸರು ತಂದು ಮಾರುವ ಹೆಂಗಸರ ಸಾಲಿನಲ್ಲಿ ಕಾಕು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಅವಳಿಗೆ ತಡವಾಗಲಿಲ್ಲ. "ಜಡಿ ಹಾಕ್ಕೊಳ್ಳೂದಿಲ್ಲೇನ ಈಗ?" ಎಂದು ಎಲೆ ಹಾಕಿ ರೊಟ್ಟಿ ಇಟ್ಟಳು. ನಾನು ಬಂದ ಕಾರಣ ಹೇಳಿಬಿಟ್ಟೆ: ಆ ಗಿಡಕ್ಕೆ ಕಾಣುವಂಥ ಹೂವೇ ಇಲ್ಲ, ನಾನು ಹೇಳಿದ್ದು ಸುಳ್ಳು.

ಅವಳು ಮೊಸರಿನ ಗಡಿಗೆಯ ಮೇಲಿನ ನೊಣ ಹೊಡೆದಳು. "ಸುಳ್ಳ ಇರ್ಲಿಕ್ಕಿಲ್ಲ ಬಿಡು. ಮದ್ಲ ನಾನೂ ನಾ ತಂದಿಲ್ಲ, ತಂದಿಲ್ಲ ಅಂತಿದ್ದೆ. ಆಮ್ಯಾಲ ಕೂಸು ಸುಳ್ಳ ಹೇಳ್ತೈತೇನ ಅಂದ್ರು ಎಲ್ಲಾರೂ. ತಂಬಿಗಿ ನೀರಾಗ ಒಂದು ಮರಿ ಬಂದಿರಬೇಕು, ನಾನ ಸುರುವಿರಬೇಕು. ಈಗ ನನಗೂ ನೆನಪೈತಿ, ಬಿಳೀ ಹೂವು."

"ಇಲ್ಲ ಕಾಕು. ಹೂವು ಇರಲೇ ಇಲ್ಲ."

ಅವಳ ಕೈ ನಿಂತಿತು. "ಹಂಗಾರ ನೀ ನೋಡಿದ್ದರ ಏನು?"

ಆ ಬಿಳಿ ಗಂಜಿಯ ನೊರೆಯದಿರಬಹುದು ಎಂದುಕೊಂಡೆ. ಅದೂ ಈಗ ಅನುಕೂಲಕ್ಕೆ ಹುಟ್ಟಿದ ನೆನಪು. ಅವಳು ಇನ್ನೊಂದು ರೊಟ್ಟಿ ಹಾಕಿ, "ಉಣ್ಣು, ಆರತೈತಿ" ಎಂದಳು. ಈಗ ಕಣ್ಣು ಮುಚ್ಚಿದರೆ ಕಡೆಯ ಮೆಟ್ಟಿಲು ಕಾಣುತ್ತದೆ, ಬೆನ್ನು ಹಾಕಿ ಕೂತ ಹೆಂಗಸು ಕಾಣುತ್ತಾಳೆ. ಹೂವನ್ನು ತೆಗೆದುಹಾಕಿದೆ. ಅವಳ ಕೈಯನ್ನೂ ತೆಗೆಯಲು ನೋಡಿದೆ. ಆ ಬೆನ್ನು ಮಾತ್ರ ಹೋಗುತ್ತಿಲ್ಲ. ಅದು ಕಾಕುವಿನದೇ ಎಂದು ನಾನು ಇನ್ನು ಯಾರಿಗೂ ಹೇಳುವುದಿಲ್ಲ.