ಬಾನೆಟ್ಟಿನ ಮೇಲೆ ಎರಡು ಏಟು

ಮಾಷ್ಟ್ರ ಬಲಗೈಯ ನಡುಬೆರಳಿನಲ್ಲಿ ಒಂದು ಕಬ್ಬಿಣದ ಉಂಗುರ ಇತ್ತು. ಶನಿಕಾಟಕ್ಕೆಂದು ತಾಯಿ ಹಾಕಿಸಿದ್ದಂತೆ. ಲೆಕ್ಕ ಕಲಿಸುವ ಮನುಷ್ಯ, ಅದನ್ನು ನಂಬುತ್ತಿರಲಿಲ್ಲ, ತೆಗೆಯುತ್ತಲೂ ಇರಲಿಲ್ಲ. ಅವರು ಲಾರಿಯ ಬಾಗಿಲು ತಟ್ಟಿದರೆ ಮೊದಲು ಅಂಗೈಯ ‘ದಪ್’, ಅದರ ಬೆನ್ನಿಗೇ ಉಂಗುರದ ‘ಟಿಣ್’.

ಅರುವತ್ತರ ದಶಕದ ಕೊನೆ. ನಾನು ಪುತ್ತೂರಿನಿಂದ ಮಡಿಕೇರಿಗೆ ಹಂಚು ಸಾಗಿಸುತ್ತಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಆದರೆ ಲಾರಿ ನನ್ನದೇ, ಬೆವರು ಸುರಿಸಿ ತೆಗೆದದ್ದು. ಮಡಿಕೇರಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಮಾಷ್ಟ್ರು ಪ್ರತಿ ಸೋಮವಾರ ಬೆಳಿಗ್ಗೆ ಪುತ್ತೂರು ಪೇಟೆಯ ದರ್ಬೆಯಲ್ಲಿ ನನ್ನ ಲಾರಿ ಹತ್ತುತ್ತಿದ್ದರು. ಹಿಂದೆ ಬೊಂಬಾಯಿಯಲ್ಲಿ, ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರಿನ ಕೆಲಸ ಮಾಡಿದ್ದವರು. ಎದೆಯ ಕಾಯಿಲೆ ಹಿಡಿದು ಊರಿಗೆ ಮರಳಿದ್ದರು.

“ನಾವು ಹೇಳಿದ್ದು ಆ ಯಂತ್ರಕ್ಕೆ ಅರ್ಥ ಆಗ್ತದಾ ಮಾಷ್ಟ್ರೇ?” ಎಂದು ಒಮ್ಮೆ ಕೇಳಿದ್ದೆ.

“ಎಂತದೂ ಆಗುದಿಲ್ಲ ಮಾರಾಯ. ಅದರ ಭಾಷೆಗೆ ತಿರುಗಿಸಿ ಕೊಡ್ಬೇಕು. ಎರಡು ಕ್ರಮ ಉಂಟು. ಬರೆದದ್ದನ್ನೆಲ್ಲ ಮೊದಲೇ ಒಟ್ಟಿಗೆ ತಿರುಗಿಸಿ ಇಡುದು ಒಂದು. ಅದು ಕಂಪೈಲರ್. ಕೆಲವು ತಪ್ಪು ಹೊರಡುವ ಮೊದಲೇ ಸಿಕ್ತದೆ, ಮತ್ತೆ ತಿರುಗಿಸಿದವ ಹತ್ತಿರ ಬೇಡ, ಬಿರ್ರನೆ ಓಡ್ತದೆ. ಇನ್ನೊಂದು ಇಂಟರ್‌ಪ್ರಿಟರ್. ಅವ ಪಕ್ಕದಲ್ಲೇ ಇರ್ಬೇಕು. ಒಂದು ಸಾಲು ಓದುದು, ಅದನ್ನು ಮಾಡಿಸುದು, ಮತ್ತೆ ಮುಂದಿನ ಸಾಲು. ಭಾರೀ ನಿಧಾನ.”

“ಹಾಗಾದ್ರೆ ನನ್ನದು ಮೊದಲಿನ ಕ್ರಮ. ಸಂಪಾಜೆಯಿಂದ ಮೇಲೆ ಘಾಟಿಯ ತಿರುವೆಲ್ಲ ತಲೆಯಲ್ಲಿ ಉಂಟು. ಕಣ್ಣು ಕಟ್ಟಿದ್ರೂ ಬಿಡ್ತೇನೆ.”

“ಬಿಡು, ಬಿಡು. ರಸ್ತೆ ನಿನ್ನ ಹತ್ರ ಕೇಳಿಯೇ ಬದಲಾಗುದಲ್ವಾ!” ಎಂದು ನಕ್ಕರು.

ಒಂದು ಆಷಾಢದ ಸೋಮವಾರ ಘಾಟಿಯಲ್ಲಿ ಮಂಜು ಇಳಿಯಿತು. ಬೆಳಿಗ್ಗೆ ಹತ್ತು ಗಂಟೆ. ಬಾನೆಟ್ಟಿನ ತುದಿಯೂ ಕಾಣದು. ನಿಂತರೆ ಹಿಂದಿನ ಗಾಡಿ ಗುದ್ದೀತು. ನೆನಪಿನ ಮೇಲೆಯೇ ಹೋಗುತ್ತಿದ್ದೆ. ಮಾಷ್ಟ್ರು ಸ್ಟಿಯರಿಂಗಿನ ಮೇಲೆ ಕೈ ಇಟ್ಟರು.

“ನಿಲ್ಲಿಸು. ನಾನು ಇಳಿದು ನಡೀತೇನೆ. ‘ಬಾ’ ಅಂದ್ರೆ ಒಂದು ಮಾರು ಬಾ. ನಿಲ್ಲುದಕ್ಕೆ ಬಾಯಿ ಮಾತಿಲ್ಲ, ಬಾನೆಟ್ಟಿಗೆ ಎರಡು ಏಟು. ಇಲ್ಲಿ ಗುಡ್ಡ ಮಾತು ತಿರುಗಿ ಹೇಳ್ತದೆ.”

“ನನಗೆ ದಾರಿ ತೋರಿಸ್ಲಿಕ್ಕೆ ಲೆಕ್ಕದ ಮಾಷ್ಟ್ರು ಬೇಕಾ?”

ಅವರು ಇಳಿದು ಮಂಜಿನಲ್ಲಿ ಮರೆಯಾದರು. “ಬಾ.” ಒಂದು ಮಾರು. “ಬಾ.” ಇನ್ನೊಂದು ಮಾರು. ನನ್ನ ಲೆಕ್ಕದಲ್ಲಿ ರಸ್ತೆ ಇನ್ನೂ ನೇರ ಇತ್ತು. ಅಷ್ಟರಲ್ಲಿ ಬಾನೆಟ್ಟಿನ ಮೇಲೆ ದಪ್, ಟಿಣ್. ದಪ್, ಟಿಣ್.

ಬ್ರೇಕ್ ಒತ್ತಿ ಕೆಳಗಿಳಿದೆ. ಎದುರಿನ ಬಿಳುಪಿನೊಳಗಿಂದ ಮಾಷ್ಟ್ರ ಸ್ವರ ಇನ್ನೂ ಕರೆಯುತ್ತಿತ್ತು: “ಬಾ… ಬಾ…”

ಮಾಷ್ಟ್ರು ನನ್ನ ಪಕ್ಕದಲ್ಲಿದ್ದರು. ಕೈ ಬಾನೆಟ್ಟಿನ ಮೇಲೆ. ಬಾಯಿ ಮುಚ್ಚಿತ್ತು.

“ಅಲ್ಲಿ ಯಾರು ಮಾಷ್ಟ್ರೇ?”

“ನಾನೇ. ಆಗ ಹೇಳಿದ್ದು. ಹೇಳಿದವ ನಿಂತದ್ದು ಆ ಮಾತಿಗೆ ಗೊತ್ತಿಲ್ಲ.”

ಒಂದು ಕಲ್ಲೆತ್ತಿ ಮುಂದಕ್ಕೆ ಎಸೆದರು. ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ, ಬಹಳ ಕೆಳಗಿನಿಂದ ಬಂತು. ರಸ್ತೆಯ ಹೊರಬದಿ ಜರಿದು ಹೋಗಿತ್ತು, ಗುಡ್ಡದ ಬದಿಯಲ್ಲಿ ಒಂದು ಲಾರಿ ನುಸುಳುವಷ್ಟೇ ಉಳಿದಿತ್ತು. ಪ್ರತಿಧ್ವನಿ ಅಷ್ಟು ಹೊತ್ತು ಉಳಿಯುವುದಿಲ್ಲ ಎಂದು ಓದದ ನನಗೂ ಗೊತ್ತು. ಮಾಷ್ಟ್ರಿಗೂ ಗೊತ್ತಿದ್ದಿರಬೇಕು, ಲಾರಿ ಹತ್ತಿದ ಕೂಡಲೇ ಏರಿಸಿದ ಕಿಟಕಿಯ ಗಾಜನ್ನು ಮಡಿಕೇರಿ ಮುಟ್ಟುವವರೆಗೆ ಇಳಿಸಲಿಲ್ಲ.

ಎರಡು ವರ್ಷದ ಬಳಿಕ ಒಂದು ಸೋಮವಾರ ದರ್ಬೆಯಲ್ಲಿ ಇಂಜಿನ್ ಬಂದ್ ಮಾಡದೆ ಕಾದೆ. ಅವರ ತಮ್ಮ ಬಂದು, ಅಣ್ಣ ನಿನ್ನೆ ತೀರಿಹೋದರು ಎಂದ.

ಮುಂದಿನ ಮಳೆಗಾಲದಲ್ಲಿ, ಅದೇ ತಿರುವಿನ ಮಂಜಿನಲ್ಲಿ, ಸ್ಪಷ್ಟವಾಗಿ ಕೇಳಿಸಿತು: “ಬಾ.” ನನ್ನ ಕಾಲು ತಾನಾಗಿ ಆಕ್ಸಿಲರೇಟರಿಗೆ ಹೋಯಿತು. ಎಳೆದುಕೊಂಡೆ. ಇಂಜಿನ್ ನಿಲ್ಲಿಸಿ, ಇಳಿದು, ತಿರುವಿನ ಕೊನೆಯವರೆಗೆ ನಡೆದು ನೋಡಿದೆ. ರಸ್ತೆ ಸರಿಯಾಗಿತ್ತು. ಯಾರೂ ಇರಲಿಲ್ಲ.

ಅಂದಿನಿಂದ ಮಂಜು ಕವಿದಾಗಲೆಲ್ಲ ಇಳಿದು ನಡೆದು ನೋಡುತ್ತೇನೆ. ಬಂದು ಬಾನೆಟ್ಟಿಗೆ ನಾನೇ ಎರಡು ಏಟು ಕೊಡುತ್ತೇನೆ. ಉಳಿದ ಡ್ರೈವರುಗಳು ನಗುತ್ತಾರೆ, ನಗಲಿ. ನನ್ನ ಕೈಯಲ್ಲಿ ಉಂಗುರ ಇಲ್ಲ, ಬರೀ ‘ದಪ್’ ಎನ್ನುತ್ತದೆ. ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತೇನೆ. ಬೆನ್ನಿಗೆ ‘ಟಿಣ್’ ಕೇಳದಿದ್ದರೆ ಮಾತ್ರ ಲಾರಿ ಬಿಡುತ್ತೇನೆ.