ನಾಲ್ಕನೇ ಕುಳಿ

ಇಡ್ಲಿ ತಟ್ಟೆಯ ಕುಳಿಗಳ ಅಂಚಿನಲ್ಲಿ ಕೆಂಪು ನೇಲ್ ಪಾಲಿಶ್‌ನ ಚುಕ್ಕಿಗಳಿವೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ನಾಲ್ಕನೆಯದರಲ್ಲಿ ಎರಡು ಚುಕ್ಕಿ ಉದುರಿಹೋಗಿ ಎರಡು ಉಳಿದಿವೆ. ಮೂಗಿನ ಹತ್ತಿರ ಹಿಡಿದರೆ ಇಷ್ಟು ವರ್ಷಗಳ ಮೇಲೂ ಪೆಟ್ರೋಲು ಮತ್ತು ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಹೋದ ವಾರ ಹನುಮಂತನಗರದ ಬಾಡಿಗೆ ಮನೆ ಖಾಲಿ ಮಾಡುವಾಗ ಅಮ್ಮ ಇದನ್ನು ಹಳೆ ಪಾತ್ರೆಗಳ ಗುಡ್ಡೆಗೆ ಎಸೆದಿದ್ದಳು. ನಾನು ಎತ್ತಿಕೊಂಡು ಪುಸ್ತಕಗಳ ಪೆಟ್ಟಿಗೆಯಲ್ಲಿಟ್ಟೆ. ಯಾರೂ ಕೇಳದ, ಕೇಳಿದರೂ ನೀವು ವಿವರಿಸಲಾರದ ಅಂಥದ್ದೊಂದು ವಸ್ತು ನಿಮ್ಮ ಮನೆಯಲ್ಲೂ ಇರಬಹುದು.

ಆ ಮನೆ ಇದ್ದದ್ದು ಗುಡ್ಡದ ದೇವಸ್ಥಾನದ ಕೆಳಗಿನ ಇಳಿಜಾರಿನಲ್ಲಿ. ಅಪ್ಪ ಜಯನಗರದ ಶಾಲೆಯೊಂದಕ್ಕೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಹಳೆಯ ಪೆಟ್ರೋಲ್ ವ್ಯಾನು. ಅದರ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಹೊರಟಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಉರುಳಿಸಿಕೊಳ್ಳಲೆಂದು ಅಪ್ಪ ಅದನ್ನು ಯಾವಾಗಲೂ ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಅಮ್ಮ ಬಾಗಿಲಿಗೆ ನೀರು ಹಾಕುವ ಸದ್ದು, ಎದುರು ಮನೆಯ ರೇಡಿಯೋ, ಒಲೆಯ ಮೇಲಿನ ಡಿಕಾಕ್ಷನ್ನಿನ ಘಮ, ಇವೆಲ್ಲದರ ನಡುವೆ ನಾವಿಬ್ಬರು ವ್ಯಾನಿನ ಮುಂದಿನ ಸೀಟು ಎತ್ತಿ ಎಂಜಿನ್ ತೆರೆಯುತ್ತಿದ್ದೆವು. ನನಗೆ ಆಗ ಹತ್ತು ವರ್ಷ. ಸಿಲಿಂಡರಿಗೊಂದರಂತೆ ಕಿಡಿ ಕೊಡುವ ನಾಲ್ಕು ಪ್ಲಗ್ಗುಗಳಲ್ಲಿ ಕೊನೆಯದು ಹಿಂದೆ, ಇಕ್ಕಟ್ಟಿನಲ್ಲಿತ್ತು. ಅಪ್ಪನ ದಪ್ಪ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ, ನನ್ನದು ಹೋಗುತ್ತಿತ್ತು. ಕಳಚಿದ ಪ್ಲಗ್ಗುಗಳನ್ನು ಇಡ್ಲಿ ತಟ್ಟೆಯಲ್ಲಿ ಸಾಲಾಗಿ ಇಡುವುದೂ ನನ್ನ ಕೆಲಸವೇ. ಯಾವುದು ಯಾವ ಸಿಲಿಂಡರಿನದು ಎಂದು ಅದಲುಬದಲಾದರೆ ಕಾಯಿಲೆ ಎಲ್ಲಿದೆ ಎಂದು ತಿಳಿಯುವುದಿಲ್ಲ. "ಇದು ಡಾಕ್ಟ್ರು ನಾಲಿಗೆ ನೋಡಿದ್ ಹಾಗೆ ಪುಟ್ಟಿ," ಎನ್ನುತ್ತಿದ್ದ ಅಪ್ಪ. ತುದಿ ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಲಾಟೀನಿನ ಗಾಜಿನ ಮೇಲಿನಂಥ ಒಣ ಮಸಿಯಿದ್ದರೆ ಕಿಡಿ ಸಾಲದು, ಅಥವಾ ಪೆಟ್ರೋಲು ಹೆಚ್ಚು. ಅದು ಹೊರಗಿನ ಕಾಯಿಲೆ, ವಾಸಿಯಾಗುತ್ತದೆ. ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಜಾರಿದರೆ ಅದು ಎಣ್ಣೆ. ಪಿಸ್ಟನ್ನಿನ ಉಂಗುರಗಳು ಸವೆದು ಎಣ್ಣೆ ಮೇಲೆ ಬರುತ್ತಿದೆ ಎಂದು ಅರ್ಥ.

ಆ ವರ್ಷ ಮಳೆಗಾಲದಲ್ಲಿ ವ್ಯಾನು ಏರಿನಲ್ಲಿ ಮುಗ್ಗರಿಸತೊಡಗಿತು. ಒಂದು ಭಾನುವಾರ ಅಪ್ಪ ನನ್ನನ್ನೂ ಕೂರಿಸಿಕೊಂಡು ಬಿಳೇಕಹಳ್ಳಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಸೆಲ್ವಣ್ಣನ ಹತ್ತಿರ ಹೋದ. ಸೆಲ್ವಣ್ಣ ಅಪ್ಪನ ಹಳೆಯ ಸ್ನೇಹಿತ. ಕಿವಿಗೊಟ್ಟು ಕೇಳಿ, "ಒಂದು ಸಿಲಿಂಡರ್ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಗುರು, ನಿನ್ ಹಾಗೇ," ಎಂದು ನಕ್ಕ. "ದಿನಾ ಪ್ಲಗ್ ನೋಡ್ತಿರು. ಒಣಗಿದ್ರೆ ವೈರು, ಕ್ಯಾಪು ಬದಲಾಯ್ಸು ಸಾಕು. ಎಣ್ಣೆ ಕಂಡ್ರೆ ಮಾತ್ರ ದಸರಾ ರಜದಲ್ಲಿ ತಂದ್ಬಿಡು, ಎಂಜಿನ್ ಇಳಿಸೋಣ." ಬೇಸಿಗೆ ರಜ ಬಿಟ್ಟರೆ ಶಾಲೆಯ ವ್ಯಾನಿಗೆ ಹತ್ತು ದಿನ ಬಿಡುವು ಸಿಗುವುದು ದಸರೆಗೆ ಮಾತ್ರ. ಅಪ್ಪ ತಲೆಯಾಡಿಸಿದ. ನಾನು ಶೆಡ್ಡಿನ ಹಿಂದೆ ನೋಡುತ್ತಿದ್ದೆ. ಎಂಜಿನ್ ಇಳಿಸಿದ ಮೂರು ಕಾರುಗಳು ಅಲ್ಲಿ ಬಾಯಿ ತೆರೆದು ನಿಂತಿದ್ದವು. ಒಂದರ ಮೇಲೆ ಹಾಗಲ ಬಳ್ಳಿ ಹಬ್ಬಿ ಕಾಯಿಬಿಟ್ಟಿತ್ತು. ಎಂಜಿನ್ ಇಳಿಸಿದ ಗಾಡಿ ಮತ್ತೆ ಮನೆಗೆ ಬರುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಸರಿಯೇ ಎಂದು ಯಾರನ್ನೂ ಕೇಳಲಿಲ್ಲ. ಕೇಳುವ ಸ್ವಭಾವ ಆಗಲೂ ಇರಲಿಲ್ಲ. ವ್ಯಾನು ಹೋದರೆ ಅಪ್ಪ ಬೇರೆಯವರ ಟೂರಿಸ್ಟ್ ಕಾರು ಓಡಿಸಿಕೊಂಡು ಊರೂರು ಅಲೆಯಬೇಕಾಗುತ್ತದೆ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಈ ಬೆಳಗುಗಳು ಇರುವುದಿಲ್ಲ ಎಂದಷ್ಟೇ ನನಗೆ ಕೇಳಿಸಿತ್ತು.

ಮರುದಿನವೇ ನಾಲ್ಕನೇ ಪ್ಲಗ್ಗು ಒದ್ದೆಯಾಗಿ ಬಂತು. ಬೆರಳಿಗೆ ಜಾರಿತು. ಅಪ್ಪ ಮೊದಲನೆಯದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಲಂಗದ ಒಳಮಡಿಕೆಯಲ್ಲಿ ಅದನ್ನು ಒತ್ತಿ ಒರೆಸಿ, ಎಣ್ಣೆ ಹೋಗಿ ಮಸಿ ಮಾತ್ರ ಉಳಿದ ಮೇಲೆ ನಾಲ್ಕನೇ ಕುಳಿಯಲ್ಲಿಟ್ಟೆ. "ಒಣಗಿದ್ಯಾ?" ಎಂದ. "ಹೂಂ ಅಪ್ಪ." ಅವನ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಬಹುಮಾನದಂತೆ ತೆಗೆದುಕೊಂಡೆ. ಆಮೇಲೆ ದಿನಾ ಅದೇ. ಅಪ್ಪ ಒಳಗೆ ಕೂತು ಆಕ್ಸಿಲರೇಟರ್ ಒತ್ತಿ, "ಹಿಂದೆ ನೋಡು, ಹೊಗೆ ಯಾವ ಬಣ್ಣ?" ಎಂದು ಕೂಗುತ್ತಿದ್ದ. ಹೊಗೆ ತಿಳಿನೀಲಿ ಇರುತ್ತಿತ್ತು. ಎಣ್ಣೆ ಸುಟ್ಟರೆ ಹಾಗೆ, ಪೆಟ್ರೋಲು ಹೆಚ್ಚಾದರೆ ಕಪ್ಪು. "ಕಪ್ಪು," ಎಂದು ನಾನು ಕೂಗುತ್ತಿದ್ದೆ. ಎಣ್ಣೆಯ ಮಟ್ಟ ಇಳಿದಾಗ, ಅಡಿಯಲ್ಲಿ ಎಲ್ಲೋ ಸೋರುತ್ತಿರಬೇಕು ಎಂದು ಅಪ್ಪನೇ ಸಮಾಧಾನ ಹೇಳಿಕೊಂಡ. ನಾಲ್ಕನೇ ಪ್ಲಗ್ಗು ಹೊಸದಾಯಿತು. ಅದರ ವೈರು ಹೊಸದಾಯಿತು, ಕ್ಯಾಪು ಹೊಸದಾಯಿತು. ಪ್ರತಿ ಸಲವೂ ಎರಡು ದಿನ ಗಾಡಿ ಚೆನ್ನಾಗಿ ಓಡುತ್ತಿತ್ತು, ಪ್ರತಿ ಸಲವೂ ಅಪ್ಪ ಸಿಳ್ಳೆ ಹಾಕುತ್ತ ಮನೆಗೆ ಬರುತ್ತಿದ್ದ. ದಸರಾ ರಜ ಬಂತು. ಆಯುಧಪೂಜೆಗೆ ವ್ಯಾನಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟೆವು. "ಒಣಗೇ ಇದೆಯಲ್ಲ, ಸುಮ್ನೆ ಯಾಕೆ ಇಳಿಸೋದು," ಎಂದ ಅಪ್ಪ. ರಜ ಮುಗಿಯಿತು.

ಶಾಲೆ ಶುರುವಾದ ಎರಡನೇ ವಾರ, ಸಂಜೆ ಮಕ್ಕಳನ್ನು ತುಂಬಿಕೊಂಡು ಬರುವಾಗ ವ್ಯಾನು ಏರಿನ ಅರ್ಧದಲ್ಲಿ ದೊಡ್ಡ ಸದ್ದು ಮಾಡಿ ನಿಂತಿತು. ಅದರಲ್ಲೇ ಇದ್ದ ನಾನೂ ಅಪ್ಪನೂ ಮಕ್ಕಳನ್ನು ನಡೆಸಿಕೊಂಡು ಒಂದೊಂದೇ ಮನೆಗೆ ಬಿಟ್ಟೆವು. ಶನಿವಾರ ಮಧ್ಯಾಹ್ನ, ಟೆಂಪೋಗೆ ಹಗ್ಗ ಕಟ್ಟಿ ಸೆಲ್ವಣ್ಣನ ಶೆಡ್ಡಿಗೆ ಎಳೆಸಿಕೊಂಡು ಹೋಗಿದ್ದ ವ್ಯಾನಿನ ಮುಂದೆ, ನಾನು ತಟ್ಟೆ ಹಿಡಿದು ನಿಂತಿದ್ದೆ. ಸೆಲ್ವಣ್ಣ ನಾಲ್ಕನೇ ಪ್ಲಗ್ಗು ಬಿಚ್ಚಿ ನಾಲ್ಕನೇ ಕುಳಿಗೆ ಹಾಕಿದ. ಎಣ್ಣೆ ಇಳಿದು ಕುಳಿಯಲ್ಲಿ ನಿಂತಿತು.

"ಉಂಗುರ ಮುರಿದು ಸಿಲಿಂಡರ್ ಗೋಡೆನೆಲ್ಲ ಕೆರೆದುಬಿಟ್ಟಿದೆ ಗುರು. ಎಂಜಿನ್ನೇ ಹೋಯ್ತು. ದಸರಾದಲ್ಲಿ ಇಳಿಸಿದ್ರೆ ಹೊಸ ಉಂಗುರ ಹಾಕಿ ಕಳಿಸ್ತಿದ್ದೆ, ಇನ್ನೈದು ವರ್ಷ ಓಡ್ತಿತ್ತು. ಪ್ಲಗ್ ನೋಡ್ಲಿಲ್ವಾ ನೀನು?"

"ದಿನಾ ನೋಡ್ತಿದ್ದೆ. ಒಣಗಿರ್ತಿತ್ತು."

"ಅದೆಂಗೆ ಒಣಗಿರತ್ತೆ? ಯಾರ್ ಬಿಚ್ತಿದ್ದಿದ್ದು?"

ಅಪ್ಪ ನನ್ನ ಕಡೆ ನೋಡಲಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ, ಕೈಯಲ್ಲಿ ಏನೂ ಇರಲಿಲ್ಲ. ಅವನಿಗೆ ಅಲ್ಲೇ ತಿಳಿಯಿತೋ, ಮೊದಲೇ ಅನುಮಾನವಿತ್ತೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇಲ್ಲ. ವ್ಯಾನು ಹಾಗಲ ಬಳ್ಳಿಯ ಪಕ್ಕಕ್ಕೆ ಹೋಯಿತು. ಮಕ್ಕಳು ಬೇರೆ ವ್ಯಾನು ಹತ್ತಿದರು. ಅಪ್ಪ ಬೇರೆಯವರ ಕಾರಿನಲ್ಲಿ ಯಾರ‍್ಯಾರನ್ನೋ ತಿರುಪತಿಗೆ, ಊಟಿಗೆ ಕರೆದೊಯ್ದ. ಹದಿನೈದು ದಿನಕ್ಕೊಮ್ಮೆ ಬಂದು ಮಲಗಿ, ಎದ್ದು ಹೋದ. ನಾನು ಎಂ.ಎ. ಓದುತ್ತಿದ್ದಾಗ ಯಾವುದೋ ಲಾಡ್ಜಿನ ಡ್ರೈವರುಗಳ ಕೋಣೆಯಲ್ಲಿ ತೀರಿಕೊಂಡ. ಅಷ್ಟು ವರ್ಷಗಳಲ್ಲಿ ಹೇಳಬೇಕೆಂದು ಹೊರಟ ವಾಕ್ಯ ಒಂದೂ ಮುಗಿಯಲಿಲ್ಲ.

ಹೇಳಲು ಒಮ್ಮೆ ಮಾತ್ರ ಎದ್ದು ಹೋಗಿದ್ದೆ. ಶೆಡ್ಡಿನಿಂದ ಬಂದ ಮರುದಿನ ಬೆಳಿಗ್ಗೆ, ಎಂದಿನ ಹೊತ್ತಿಗೇ ಎದ್ದು, ಹಾಗೇ ಮನೆಗೆ ತಂದಿದ್ದ ಪ್ಲಗ್ಗುಗಳ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದೆ. ಅಪ್ಪನ ಚಪ್ಪಲಿ ಇರಲಿಲ್ಲ. ಕೆಲಸ ಕೇಳಲು ಬಿಟಿಎಂ ಬಡಾವಣೆ ಕಡೆ ಆಗಲೇ ಹೋಗಿದ್ದಾನೆ ಎಂದಳು ಅಮ್ಮ. ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಿತ್ತು. ಅದರ ಪಕ್ಕದ ಕಲ್ಲಿನ ಮೇಲೆ ಕೂತೆ. ಬಿಸಿಲು ಬರುವವರೆಗೂ ನಾಲ್ಕನೇ ಪ್ಲಗ್ಗು ಎಣ್ಣೆಯಲ್ಲೇ ಇತ್ತು. ಆ ದಿನ ನಾನು ಅದನ್ನು ಒರೆಸಲಿಲ್ಲ.