ಮೇಲಿನ ಮನೆಯ ಬೇಸಿಗೆ ಲೆಕ್ಕ

ಸರಸ್ವತಿಪುರಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದಾಕೆ ಮಗಳನ್ನು ಶಾಲೆಗೆ ಕಳಿಸದೆ ತಾವೇ ಓದಿಸುತ್ತಿದ್ದರು. ಬೇಸಿಗೆಯಲ್ಲಿ ಬೀದಿಯ ಮಕ್ಕಳೆಲ್ಲ ಪುಸ್ತಕ ಮುಚ್ಚಿಟ್ಟರೂ ಅವರ ಮನೆಯಲ್ಲಿ ಲೆಕ್ಕಕ್ಕೆ ರಜೆಯಿರಲಿಲ್ಲ. ಸಂಡಿಗೆ ಇಡುವಾಗ ಗುಣಾಕಾರ, ಹಲಸಿನ ತೊಳೆ ಹಂಚುವಾಗ ಭಾಗಾಕಾರ. "ಸಾಕು ಬಿಡ್ರೀ, ಮಗು ಆಡ್ಕೊಳ್ಲಿ" ಎಂದರೆ, ಹಿಟ್ಟು ಮೆತ್ತಿದ ಕೈಯನ್ನು ದೂರ ಹಿಡಿದು ಮೊಣಕೈಯಿಂದ ಕೂದಲು ಸರಿಸುತ್ತ, "ಬಿಟ್ರೆ ಮರ್ತ್‌ಬುಡ್ತಾಳೆ ಕಣ್ರೀ" ಅನ್ನುತ್ತಿದ್ದರು.

ಒಂದು ಭಾನುವಾರ ನಾನು ಅಲ್ಲಿ ಕೂತಿದ್ದಾಗ ಅವರ ಭಾವ ಬಂದರು. ಶಾಲೆಯಿಲ್ಲದ ಓದು ಅವರಿಗೆ ಹಿಡಿಸುತ್ತಿರಲಿಲ್ಲ.

"ಇಪ್ಪತ್ತೆಂಟು ಮಾವಿನಹಣ್ಣು, ನಾಲ್ಕು ಜನ. ಒಬ್ಬೊಬ್ರಿಗೆ ಎಷ್ಟು, ಹೇಳು ಪುಟ್ಟಿ?"

ಹುಡುಗಿ ಯೋಚಿಸುತ್ತ ನಿಂತಳು. ಭಾವನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ತಾಯಿಯ ಒಂದು ಕೈ ಮೇಲೆದ್ದು ಐದು ಬೆರಳೂ ಬಿಚ್ಚಿಕೊಂಡವು. ಇನ್ನೆರಡು ತೋರಿಸಬೇಕಾದ ಕೈಯಲ್ಲಿ ಕಾಫಿ ತಟ್ಟೆಯಿತ್ತು.

ಹುಡುಗಿ ಅತ್ತ ನೋಡಿ ಜೋರಾಗಿ ತಿದ್ದಿದಳು: "ಐದಲ್ಲಮ್ಮ, ಏಳು!"

ಭಾವ ತಿರುಗಿ ನೋಡಿದರು. ನೋಡಬಾರದ್ದನ್ನು ನೋಡಿದವಳಂತೆ ನಾನು ತಲೆ ತಗ್ಗಿಸಿದೆ. ಆಕೆಯೂ ನೆಲವನ್ನೇ ನೋಡುತ್ತಿದ್ದರು. ಎತ್ತಿದ ಕೈ ಇಳಿಸುವುದನ್ನೇ ಮರೆತುಬಿಟ್ಟಿದ್ದರು.